ಹಳೇ ಜೀಪು ಮಾರಿದ್ರೆ ಮಾತ್ರ ಹೆಣ್ಣು ಕೊಡ್ತೀರಾ?

ಹೋದ ವಾರ ನಮ್ಮನೆ ಚಪ್ಪರದ ಕೆಳಗೆ ಅಡಿಕೆ ಸುಲಿಯಕ್ಕೆ ಹತ್ತು-ಹನ್ನೆರಡು ಜನ ಹೆಂಗಸರು ಕೂತಿದ್ವಿ. ಅಡಿಕೆ ಸುಲಿಯೋ ಜಾಗ ಅಂದ್ರೆ ನಿಮಗೆ ಗೊತ್ತೇ ಇದೆಯಲ್ಲ, ಕೈಗೆ ಕೆಲಸ, ಬಾಯಿಗೆ ಬಿಡುವು. ಊರಿನ ಯಾವ ಮನೆ ಸುದ್ದಿಯೂ ಅಲ್ಲಿ ಸಿಪ್ಪೆ ಕಳ್ಕೊಳ್ಳದೆ ಉಳಿಯಲ್ಲ. ಅವತ್ತು ಸಿಕ್ಕಿದ್ದು ನಮ್ಮನೆ ಜೀಪು.

ಶುರು ಮಾಡಿದ್ದು ನನ್ನ ಓರಗಿತ್ತಿ. “ಅಲ್ಲಾ ಅಕ್ಕಾ, ಮಗನಿಗೆ ಹೆಣ್ಣು ನೋಡಕ್ಕೆ ಹೋಗದೂ ಇದೇ ಜೀಪಲ್ಲೇನಾ?” ಅಂದ್ಲು. ಎಲ್ಲರೂ ನಕ್ರು, ನಾನೂ ನಕ್ಕೆ. ರಾತ್ರಿ ಮಲಗಿದ ಮೇಲೆ ಮಾತ್ರ ನಗು ಬರಲಿಲ್ಲ. ಯಾಕಂದ್ರೆ ಹಿಂದಿನ ತಿಂಗಳು ಶಿಕಾರಿಪುರದ ಕಡೆಯವರು, ನನ್ನ ತವರೂರಿನ ಹತ್ತಿರದವರೇ, ಬಂದು ಹುಡುಗನ್ನ ನೋಡ್ಕೊಂಡು ಹೋಗಿದ್ರು. ತೋಟ ನೋಡಿದ್ರು, ಬಾವಿ ನೋಡಿದ್ರು, ಬಚ್ಚಲುಮನೆಯನ್ನೂ ಇಣುಕಿ ನೋಡಿದ್ರು. ನಾಲ್ಕು ದಿನ ಬಿಟ್ಟು ನಡುವಿನವರ ಬಾಯಲ್ಲಿ ಉತ್ತರ ಬಂತು. “ಹುಡುಗ ಒಳ್ಳೆಯವನೇ. ಆದ್ರೆ ಮನೆ ಮುಂದೆ ಒಂದು ಕಾರಿಲ್ಲ. ಓಬೀರಾಯನ ಕಾಲದ ಜೀಪು ಇಟ್ಕೊಂಡಿದಾರೆ. ಅನುಕೂಲ ಅಷ್ಟಕ್ಕಷ್ಟೇ ಇರ್ಬೇಕು.”

ಹಾಗಾಗಿ ಈ ಸಲ ತಂಬುಳಿ, ಉಪ್ಪಿನಕಾಯಿ ವಿಷಯ ಬರೀತಾ ಇಲ್ಲ. ಈ ಸಲ ಜಗಳ. ಹೆಣ್ಣು ಹೆತ್ತ ತಾಯಂದಿರ ಜೊತೆ, ಅಂದ್ರೆ ನಿಮ್ಮಲ್ಲೇ ಎಷ್ಟೋ ಜನರ ಜೊತೆ. ಬೇಜಾರಾದ್ರೆ ಫೋನ್ ಮಾಡಿ ಬೈಯಿರಿ, ಆದ್ರೆ ಪೂರ್ತಿ ಓದಿ ಬೈಯಿರಿ.

ನಮ್ಮ ಜೀಪು 1989ರದ್ದು, ಡೀಸೆಲ್. ಮಾವನವರು ಅದನ್ನ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು 1996ರಲ್ಲಿ, ನಾನು ಸೊರಬದ ಈ ಮನೆಗೆ ಸೊಸೆಯಾಗಿ ಬಂದು ನಾಲ್ಕು ವರ್ಷಕ್ಕೆ. ಮರುವರ್ಷ ಆಷಾಢದ ಮಳೆಯಲ್ಲಿ, ಹಳ್ಳ ರಸ್ತೆ ಮೇಲೆ ಹರೀತಿದ್ದಾಗ, ಮಗಳ ಹೆರಿಗೆಗೆ ನನ್ನ ಆಸ್ಪತ್ರೆ ಮುಟ್ಟಿಸಿದ್ದು ಅದೇ. ಆದ್ರೆ ಅದನ್ನ ನಾನು ಇಲ್ಲಿ ವಾದಕ್ಕೆ ಇಡಲ್ಲ. ಋಣಕ್ಕೆ ಇಟ್ಕೊಂಡಿದಾರೆ ಅಂತ ನೀವು ಅನ್ನದು ಬೇಡ. ಉಪಯೋಗ ಇದೆ ಅಂತ ಇಟ್ಕೊಂಡಿದೀವಿ, ಅದನ್ನ ಹೇಳ್ತೀನಿ.

ಈ ಜೀಪಿನ ಮೂಲ ನಮ್ಮ ದೇಶದ್ದಲ್ಲ. ಅದು ಹುಟ್ಟಿದ್ದು ಅಮೆರಿಕದಲ್ಲಿ, ಎರಡನೇ ಮಹಾಯುದ್ಧದ ಹೊತ್ತಲ್ಲಿ. ವಿಲ್ಲೀಸ್ ಮತ್ತೆ ಫೋರ್ಡ್ ಅನ್ನೋ ಎರಡು ಕಂಪನಿ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ವು. ಯುದ್ಧದ ಗಾಡಿ ಕೆಸರಲ್ಲಿ ಹೋಗಬೇಕು, ಕೆಟ್ರೆ ಕೆಟ್ಟ ಜಾಗದಲ್ಲೇ, ನಾಲ್ಕು ಸ್ಪ್ಯಾನರಲ್ಲಿ, ಅಲ್ಲಿದ್ದವನೇ ರಿಪೇರಿ ಮಾಡೋ ಹಾಗಿರಬೇಕು. 1947ರಲ್ಲಿ ಮಹೀಂದ್ರದವರು ಅದರ ಭಾಗಗಳನ್ನ ತರಿಸಿ ಮುಂಬಯಿಯಲ್ಲಿ ಜೋಡಿಸಕ್ಕೆ ಶುರು ಮಾಡಿದ್ರು. ಆಮೇಲೆ ಇಲ್ಲೇ ತಯಾರಾಗಕ್ಕೆ ಶುರುವಾಯ್ತು. ಯುದ್ಧದ ಕೆಸರಿಗೂ ನಮ್ಮ ಮಲೆನಾಡಿನ ಜುಲೈ ಕೆಸರಿಗೂ ಏನು ವ್ಯತ್ಯಾಸ ಹೇಳಿ? ಅದಕ್ಕೇ ಇಲ್ಲಿ ನಿಂತಿತು. ಕೊಲ್ಲೂರಿಂದ ಕೊಡಚಾದ್ರಿ ಹತ್ತಕ್ಕೆ ಇವತ್ತಿಗೂ ಜನ ಹುಡುಕದು ಜೀಪನ್ನೇ.

ನನ್ನ ತಂಗಿ ಮಗ ಅಮೆರಿಕದ ಟೆಕ್ಸಾಸಲ್ಲಿದಾನೆ. ಅವನ ಪಕ್ಕದ ಮನೆ ಅಜ್ಜ 1972ರ ಫೋರ್ಡ್ ಪಿಕಪ್ ಇಟ್ಕೊಂಡಿದಾನಂತೆ. ಮುಂದೆ ಒಂದು ಉದ್ದ ಸೀಟು, ಹಿಂದೆ ತೆರೆದ ತೊಟ್ಟಿ, ನಮ್ಮಲ್ಲಿ ಶುಂಠಿ ಮೂಟೆ ಹೊರ್ತಾವಲ್ಲ, ಆ ಜಾತಿ ಗಾಡಿ. ವಿಡಿಯೋ ಕಾಲಲ್ಲಿ ತೋರಿಸ್ದ. ಪೇಂಟು ಅಲ್ಲಲ್ಲಿ ಹೋಗದೆ, ಇಂಜಿನ್ ಮಾತ್ರ ಗಡಿಯಾರದ ಹಾಗೆ ಓಡ್ತದೆ. “ಇಂಥ ಹಳೇ ಪಿಕಪ್ ಅಂದ್ರೆ ಇಲ್ಲಿಯವರಿಗೆ ಪ್ರಾಣ ದೊಡ್ಡಮ್ಮಾ, ಕೇಳಿದ್ರೂ ಕೊಡಲ್ಲ” ಅಂದ. ಫೋರ್ಡಿನ ಆರು ಸಿಲಿಂಡರಿನ ಒಂದು ಇಂಜಿನ್ 1965ರಿಂದ 1996ರ ತನಕ ಹೆಚ್ಚುಕಮ್ಮಿ ಅದೇ ಬಂತಂತೆ. ಬಾಳಿಕೆಯ ಗುಟ್ಟು ಇಷ್ಟೇ ಕಣ್ರೇ. ದಪ್ಪ ಕಬ್ಬಿಣದ ಚಾಸಿ ಬೇರೆ, ಮೇಲಿನ ಬಾಡಿ ಬೇರೆ. ಬಾಡಿ ತುಕ್ಕು ಹಿಡಿದ್ರೆ ಅಷ್ಟೇ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಬಹುದು. ಮೂವತ್ತು ವರ್ಷ ಒಂದೇ ನಮೂನೆ ಮಾಡಿದ್ರೆ ಸ್ಪೇರ್ ಪಾರ್ಟು ಎಲ್ಲ ಕಡೆ ಸಿಗ್ತದೆ, ಮೆಕ್ಯಾನಿಕ್ಕಿಗೂ ಕೈ ಕೂತಿರ್ತದೆ. ನಮ್ಮ ಜೀಪಿನ ಇಂಜಿನ್ನೂ ಹಾಗೇ, ಟ್ರ್ಯಾಕ್ಟರ್ ಇಂಜಿನ್ ವಂಶದ್ದು. ಟ್ರ್ಯಾಕ್ಟರ್ ಬಿಚ್ಚಕ್ಕೆ ಬರೋ ಯಾರಿಗೂ ಇದು ಹೊಸದಲ್ಲ.

ಬಳಸಿ ಬಿಸಾಡದನ್ನ ನಮಗೆ ಕಲಿಸಿದ್ದು ಅಮೆರಿಕ ಅಂತೀವಿ. ಅವರೇ ಹಳೇ ಗಾಡಿ ಒರೆಸಿ ಇಟ್ಕೋತಾರೆ. ನಾವು ಕಾವಲಿ ಸಂಸ್ಕೃತಿಯವರು ಗುಜರಿಯವನನ್ನ ಕರೀತೀವಿ.

ಹೌದು, ಕಾವಲಿ ಸಂಸ್ಕೃತಿ ಅಂದೆ. ನಿಮ್ಮ ಅಡಿಗೆಮನೆ ನೀವೇ ನೋಡ್ಕೊಳ್ಳಿ. ಅಜ್ಜಿಯ ಕಾಲದ ಕಬ್ಬಿಣದ ಕಾವಲಿಯಲ್ಲಿ ದೋಸೆ ಏಳದಷ್ಟು ಸಲೀಸಾಗಿ ಯಾವುದರಲ್ಲಿ ಏಳ್ತದೆ? ನಾನ್‌ಸ್ಟಿಕ್ ತಂದು ಎರಡು ವರ್ಷಕ್ಕೆ ಕರಿ ಬಿಟ್ಟು ಹೋದ್ರೆ ಯಾರೂ ರಿಪೇರಿ ಮಾಡಲ್ಲ, ಬಿಸಾಡಬೇಕು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದ್ರೆ ಮತ್ತೆ ಹೊಸದು. ಒರಳುಕಲ್ಲಿಗೆ ಮುಳ್ಳು ಹೊಡೆಸಿದ್ರೆ ಮತ್ತೆ ಹೊಸದು. ಹೆಣ್ಣು ನೋಡಕ್ಕೆ ಹೋದಾಗ ಹುಡುಗಿಯ ಅಜ್ಜಿ ಎಂಬತ್ತೈದರಲ್ಲೂ ಗಟ್ಟಿಮುಟ್ಟಾಗಿ ಓಡಾಡ್ತಿದ್ರೆ “ಒಳ್ಳೆ ವಂಶ” ಅಂತೀವಿ. ಗಾಡಿ ಮೂವತ್ತೈದು ವರ್ಷ ಗಟ್ಟಿಯಾಗಿ ಓಡಿದ್ರೆ “ಹಳೇದು” ಅಂತೀವಿ. ಇದ್ಯಾವ ನ್ಯಾಯ?

ಇನ್ನೊಂದು ಹೇಳ್ತೀನಿ. ಅವತ್ತು ನಕ್ಕ ನನ್ನ ಓರಗಿತ್ತಿ ಅಡಿಕೆ ಸುಲೀತಿದ್ದ ಮೆಟ್ಟುಗತ್ತಿ ಅದೆಯಲ್ಲ, ಅದರ ಅಲಗು ಎಲ್ಲಿಯದು? 2009ರಲ್ಲಿ ಮುರಿದ ಇದೇ ಜೀಪಿನ ಕಮಾನಿನ ಪಟ್ಟಿ! ಆಚಾರ್ರ ಕುಲುಮೆಯಲ್ಲಿ ಬಡಿಸಿ, ಹದ ಹಾಕಿಸಿ ತಂದಿದ್ದು. ಹದಿನೈದು ವರ್ಷದ ಮೇಲಾಯ್ತು, ಮಸೆದ್ರೆ ಸಾಕು. ಹೊಸ ಕಾರಿನ ಮುಂದಿನ ಬಂಪರ್ ಮುರಿದ್ರೆ ಏನು ಮಾಡ್ತೀರಿ? ಬಾಣಲೆ ಮುಚ್ಚಕ್ಕೂ ಬರಲ್ಲ.

2013ರಲ್ಲಿ ನಮ್ಮನೆಯವರಿಗೆ ಬೆನ್ನು ಹಿಡ್ಕೊಂಡು ಮೂರು ತಿಂಗಳು ಮಲಗಿದ್ರು. ಹಾಲು ಡೈರಿಗೆ ಹೋಗಬೇಕು, ಆಳು ಕರ್ಕೊಂಡು ಬರಬೇಕು, ಮಗ ಇನ್ನೂ ಕಾಲೇಜಲ್ಲಿದ್ದ. ನಲವತ್ತು ದಾಟಿದ ಮೇಲೆ ನಾನು ಇದೇ ಜೀಪಲ್ಲಿ ಡ್ರೈವಿಂಗ್ ಕಲಿತೆ. ಸ್ಟೇರಿಂಗ್ ಭಾರ, ಕ್ಲಚ್ಚೂ ಭಾರ, ನಿಜ. ರುಬ್ಬಿ, ಬಾವಿ ನೀರು ಸೇದಿ ಬೆಳೆದ ತೋಳು ನಮ್ಮದು, ಅದೇನು ಮಹಾ? ಒಂದು ದಿನ ಆನವಟ್ಟಿಯಿಂದ ಬರ್ತಾ ಫ್ಯಾನ್ ಬೆಲ್ಟ್ ಹರೀತು. ಬಾನೆಟ್ ಎತ್ತಿದೆ. ಎಲ್ಲಾ ಕಣ್ಣಿಗೆ ಕಾಣ್ತದೆ. ಸೀಟಿನ ಕೆಳಗೆ ಇನ್ನೊಂದು ಬೆಲ್ಟು, ಎರಡು ಸ್ಪ್ಯಾನರು ಯಾವಾಗಲೂ ಇರ್ತವೆ. ಡೈನಮದ ಬೋಲ್ಟು ಸಡಿಲ ಮಾಡಿ, ಬೆಲ್ಟು ಏರಿಸಿ, ಬಿಗಿ ಮಾಡಿ, ಸೆರಗಿಗೆ ಕೈ ಒರೆಸ್ಕೊಂಡು ಮನೆಗೆ ಬಂದೆ. ಪಿಯುಸಿ ಓದಿದ ಹೆಂಗಸು ನಾನು, ಇಂಜಿನಿಯರ್ ಅಲ್ಲ.

ಶಿರಾಳಕೊಪ್ಪದ ಗ್ಯಾರೇಜಿನ ಸಾಬ್ರು ಒಂದು ಮಾತು ಹೇಳ್ತಾರೆ. “ಅಮ್ಮಾ, ಈ ಗಾಡಿ ಎಲ್ಲಿ ನೋವು ಅಂತ ಬಾಯಿಬಿಟ್ಟು ಹೇಳ್ತೈತೆ. ಹೊಸ ಗಾಡಿ ಒಂದು ಲೈಟ್ ಹಾಕಿ ಸುಮ್ನಾಗ್ತೈತೆ.” ನಮ್ಮ ನೆಂಟರೊಬ್ಬರ ಎರಡು ವರ್ಷದ ಕಾರು ಹಾಗೇ ಲೈಟ್ ಹಾಕಿ ಸುಮ್ಮನಾಯ್ತು. ಅಂಗಳದಿಂದ ಅಲ್ಲಾಡಲಿಲ್ಲ. ಶಿವಮೊಗ್ಗಕ್ಕೆ ಬೇರೆ ಗಾಡಿ ಮೇಲೆ ಹೇರ್ಕೊಂಡು ಹೋದ್ರು. ಹನ್ನೊಂದು ದಿನ. ಕೆಟ್ಟಿದ್ದು ಬೆರಳುದ್ದದ ಒಂದು ಸೆನ್ಸರ್. ಆ ಹನ್ನೊಂದು ದಿನದಲ್ಲಿ ಒಂದು ದಿನ ಅವರ ಮನೆಯಲ್ಲಿ ಶ್ರಾದ್ಧ. ಭಟ್ಟರನ್ನ ಕರೆತಂದಿದ್ದು ಯಾವ ಗಾಡಿ ಅಂತ ನಾನು ಬಾಯಿಬಿಟ್ಟು ಹೇಳಬೇಕಾ?

ಈಗ ಲೆಕ್ಕಕ್ಕೆ ಬನ್ನಿ, ಲೆಕ್ಕ ನಮ್ಮ ಹೆಂಗಸರದ್ದೇ ಕೆಲಸ. ಜೀಪಿಗೆ ಇನ್ಶೂರೆನ್ಸ್, ಆಯಿಲ್, ರಿಪೇರಿ ಎಲ್ಲ ಸೇರಿ ಹೋದ ವರ್ಷ ನಮಗೆ ಬಿದ್ದಿದ್ದು 18,000 ರೂಪಾಯಿ. ಮಗನಿಗೆ ಶೋರೂಮಿನವರು ಕೊಟ್ಟ ಚೀಟಿಯಲ್ಲಿ 8 ಲಕ್ಷ ಸಾಲ, ತಿಂಗಳಿಗೆ 13,000 ಕಂತು, ಏಳು ವರ್ಷ. ಗುಣಿಸಿ ನೋಡಿ, 11 ಲಕ್ಷದ ಹತ್ತಿರ ಹೋಗ್ತದೆ. ಅಡಿಕೆಗೆ ಕೊಳೆ ಬಂದ ವರ್ಷ, ಶುಂಠಿ ರೇಟು ಬಿದ್ದ ವರ್ಷ, ಆ ಕಂತು ಯಾರು ಕಟ್ತಾರೆ? ನಿಮ್ಮ ಮಗಳು ಮೈಮೇಲೆ ಹಾಕ್ಕೊಂಡು ಬಂದ ಬಂಗಾರ ಅಡವಿಟ್ಟು ಕಟ್ಟಬೇಕಾ? ಮನೆ ಮುಂದೆ ಕಾರು ಕಂಡ್ರೆ ಅನುಕೂಲಸ್ಥರು ಅಂತೀರಿ. ಅದರ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇರದು ನಿಮಗೆ ಕಾಣಲ್ಲ.

ಎದುರು ಮಾತೂ ಕೇಳಿದೀನಿ. ಹೊಗೆ ಬಿಡ್ತದೆ ಅಂತೀರಿ. ಬಿಡ್ತದೆ, ಹೊಸದಕ್ಕಿಂತ ಜಾಸ್ತಿನೇ. ದೆಹಲಿ ಕಡೆ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶ ಮಾಡ್ತು. ಅಲ್ಲಿ ಉಸಿರಾಡಕ್ಕೇ ಗಾಳಿ ಇಲ್ಲ, ಅವರ ಕಷ್ಟ ಅವರಿಗೆ. ನಮ್ಮ ಕಡೆ ಬರೇ ವಯಸ್ಸು ನೋಡಿ ನಿಲ್ಲಿಸೋ ಕಾನೂನಿಲ್ಲ. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಗಾಡಿ ತೋರಿಸಿ ರಿನ್ಯೂವಲ್ ಮಾಡಿಸಬೇಕು. 600 ರೂಪಾಯಿ ಇದ್ದ ಅದರ ಫೀಸು 2022ರ ಏಪ್ರಿಲ್‌ನಿಂದ 5,000 ಆಯ್ತು. 2024ರಲ್ಲಿ ನಾವು ಅಷ್ಟೂ ಕಟ್ಟಿ, ಬ್ರೇಕು, ಲೈಟು, ಹೊಗೆ ಎಲ್ಲ ತೋರಿಸಿ ಪಾಸು ಮಾಡಿಸ್ಕೊಂಡು ಬಂದ್ವಿ. ಫೇಲಾಗಿದ್ರೆ ನಾನೇ ಗುಜರಿಗೆ ಫೋನ್ ಮಾಡ್ತಿದ್ದೆ. ಪಾಸಾದದ್ದನ್ನ ಯಾಕೆ ಮುರಿಸಬೇಕು? ಹೊಸ ಕಾರು ಆಕಾಶದಿಂದ ಉದುರಲ್ಲ. ಅದನ್ನ ಮಾಡಕ್ಕೂ ಅದಿರು ಅಗೀಬೇಕು, ಕಲ್ಲಿದ್ದಲು ಸುಡಬೇಕು. ನಮ್ಮ ಜೀಪು ದಿನಕ್ಕೆ ಓಡದು ತೋಟ, ಡೈರಿ, ಸೊಸೈಟಿ ಅಂತ ಎಂಟು-ಹತ್ತು ಕಿಲೋಮೀಟರ್.

ಕ್ಷೇಮ ಇಲ್ಲ ಅಂತೀರಿ. ಈ ಮಾತು ಮಾತ್ರ ನಾನು ಒಪ್ತೀನಿ. ಗಾಳಿಚೀಲ ಇಲ್ಲ, ಬಾಗಿಲು ಅಂತ ಇರದು ಕ್ಯಾನ್ವಾಸಿಂದು. ಹೈವೇಯಲ್ಲಿ ಇದನ್ನ ಓಡಿಸಬಾರದು, ನಾವು ಓಡಿಸದೂ ಇಲ್ಲ. ಬೆಂಗಳೂರಿಗೆ ಬಸ್ಸಿದೆ. ನಾಳೆ ಸೊಸೆ ಬಂದು, ಮಗುವಾಗಿ, ಮಗೂನ ಕರ್ಕೊಂಡು ಓಡಾಡಕ್ಕೆ ಕಾರು ಬೇಕು ಅಂದ್ರೆ ತಗೊಳ್ಳಣ, ನಾನೇ ಮುಂದೆ ನಿಂತು ತಗೋತೀನಿ. ಬೇಕು ಅಂತ ತಗೊಳ್ಳದು ಬೇರೆ, ತೋರಿಸಕ್ಕೆ ಅಂತ ತಗೊಳ್ಳದು ಬೇರೆ.

ತಮಾಷೆ ಏನು ಗೊತ್ತಾ? ಇದೇ ಜೀಪಿನ ಮುಖ ಇಟ್ಕೊಂಡು 2010ರಲ್ಲಿ ಥಾರ್ ಅಂತ ಬಂತು, 2020ರಲ್ಲಿ ಅದರ ಹೊಸ ಅವತಾರ ಬಂತು. ಅದೇ ದುಂಡು ಲೈಟು, ಅದೇ ನೆಟ್ಟಗಿನ ಮೂತಿ. ಹತ್ತು ಲಕ್ಷದ ಮೇಲೆ ಕೊಟ್ಟು ಅದನ್ನ ತಂದು ನಿಲ್ಲಿಸಿದ್ರೆ “ಹುಡುಗ ಜೋರಿದಾನೆ” ಅಂತ ಹೆಣ್ಣು ಕೊಡ್ತೀರಿ. ಅದರ ಅಜ್ಜ ನಿಂತಿದ್ರೆ ಮೂಗು ಮುರೀತೀರಿ.

ನಮ್ಮ ಮಗನಿಗೆ ಮೂವತ್ತೊಂದು. ಬೆಂಗಳೂರಿಗೆ ಹೋಗದೆ ಉಳಿದ. ತೋಟಕ್ಕೆ ಹನಿ ನೀರಾವರಿ ಅವನೇ ಹಾಕ್ದ. ಕಾಳುಮೆಣಸು ಹಬ್ಬಿಸಿದಾನೆ. ಕುಡಿಯಲ್ಲ, ಇಸ್ಪೀಟಿಲ್ಲ. ಊರಲ್ಲಿ ಇವನ ಹಾಗೆ ಉಳಿದ ಹುಡುಗರು ಇನ್ನೂ ಐದು ಜನ ಇದಾರೆ, ಯಾರಿಗೂ ಹೆಣ್ಣಿಲ್ಲ. ಈ ಲೇಖನ ಬರೀತೀನಿ ಅಂದಾಗ ಅವನು ತಲೆ ಎತ್ತದೆ ಅಂದ, “ಅಮ್ಮಾ, ನಿನ್ನ ಮಾತೆಲ್ಲಾ ಸರಿ. ಆದ್ರೆ ಮದುವೆ ಆಗಬೇಕಾಗಿದ್ದು ನಂಗೆ.”

ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಉತ್ತರ ಇರದು ನಿಮ್ಮ ಹತ್ರ.

ಹೆಣ್ಣು ಕೊಡೋರು ಬಂದಾಗ ಹುಡುಗನ ಕೆಲಸ ನೋಡಿ, ಅವನ ಮಾತು ನೋಡಿ, ಅವನ ಅಮ್ಮನ ಬಾಯಿ ಜೋರಾ ಅಂತಲೂ ನೋಡಿ, ಜೋರೇ ಇದೆ. ಸಾಲ ಎಷ್ಟಿದೆ ಕೇಳಿ. ಗಾಡಿಯ ವಯಸ್ಸು ಕೇಳಬೇಡಿ. ಕೇಳಲೇಬೇಕು ಅಂದ್ರೆ ಬನ್ನಿ, ಬಾನೆಟ್ ಎತ್ತಿ ತೋರಿಸ್ತೀನಿ, ಆಮೇಲೆ ಕಾಫಿ ಕುಡಿಯಣ. ಬಸ್‌ಸ್ಟ್ಯಾಂಡಿಗೆ ಬಂದು ಒಂದು ಫೋನ್ ಮಾಡಿ ಸಾಕು. ಕರ್ಕೊಂಡು ಬರಕ್ಕೆ ಜೀಪು ತಗೊಂಡು ನಾನೇ ಬರ್ತೀನಿ.