ಹೊಸ ಬೂಟು, ಹಳೆಯ ಕಾಲು

ಸ್ವಿಟ್ಸರ್ಲೆಂಡಿಗೆ ಪ್ರವಾಸ ಹೋಗಿ ಬಂದ ನಮ್ಮವರು ಟಿಟ್ಲಿಸ್ ಪರ್ವತದ ಚಿತ್ರಗಳನ್ನು ಮನೆಗೆ ಬಂದವರಿಗೆಲ್ಲ ತೋರಿಸುವುದುಂಟು. ಅಂತಹ ಚಿತ್ರದ ಯಾವುದಾದರೊಂದು ಮೂಲೆಯಲ್ಲಿ, ಕಾಲಿಗೆ ಎರಡು ಉದ್ದನೆಯ ಪಟ್ಟಿಗಳನ್ನು ತೊಟ್ಟು ಹಿಮದ ಇಳಿಜಾರಿನಲ್ಲಿ ಜಾರುತ್ತಿರುವ ಜನರು ಕಾಣಿಸುತ್ತಾರೆ. ಆ ಪಟ್ಟಿಗಳಿಗೆ ಸ್ಕೀ ಎಂದು ಹೆಸರು. ಉದ್ಯೋಗದ ನಿಮಿತ್ತ ಆ ದೇಶದಲ್ಲಿ ನೆಲಸಿರುವ ನನಗೆ, ಪರ್ವತದ ಬುಡದ ಎಂಗೆಲ್‌ಬರ್ಗ್ ಎಂಬ ಊರಿಗೆ ಪ್ರತಿ ಚಳಿಗಾಲದಲ್ಲಿಯೂ ಹೋಗಿ ಹೀಗೆ ಜಾರುವ ಚಟ ಹತ್ತಿ ಇಪ್ಪತ್ತು ವರ್ಷಗಳಾದುವು. ನಾನು ಪಂದ್ಯಗಾರನಲ್ಲ, ಹೊಸಬನೂ ಅಲ್ಲ. ಹೀಗೆ ನಡುವೆ ನಿಂತವನು ಬೂಟನ್ನೂ ಸ್ಕೀಯನ್ನೂ ಹೊಸದಾಗಿ ಕೊಳ್ಳಹೊರಟಾಗ ಏನಾಗುತ್ತದೆಂಬುದನ್ನು ಈ ತಿಂಗಳು ನಿವೇದಿಸುತ್ತೇನೆ. ಹಿಮದ ನಾಡುಗಳಲ್ಲಿ ಮಕ್ಕಳು ಸಂಸಾರ ಹೂಡಿರುವ ಮನೆಗಳು ಈಗ ನಮ್ಮಲ್ಲಿ ಕಡಮೆಯಿಲ್ಲವಾದುದರಿಂದ, ಈ ಮಾತು ವಾಚಕರಿಗೆ ತೀರ ದೂರದ್ದೆಂದು ತೋರಲಾರದು.

ನನ್ನ ಹಳೆಯ ಬೂಟು ಹದಿಮೂರು ವರ್ಷ ದುಡಿದಿತ್ತು. ಸ್ಕೀ ಬೂಟಿಗೆ ಹೊರಗೆ ಗಟ್ಟಿಯಾದ ಪ್ಲಾಸ್ಟಿಕ್ಕಿನ ಚಿಪ್ಪು, ಒಳಗೆ ಮೆತ್ತನೆಯ ಒಳಬೂಟು, ಮೇಲೆ ಬಿಗಿಯುವುದಕ್ಕೆ ಬಕಲುಗಳು. ಈ ಪ್ಲಾಸ್ಟಿಕ್ಕು, ಉಪಯೋಗಿಸದೆ ಅಟ್ಟದ ಮೇಲೆ ಇಟ್ಟಿದ್ದರೂ, ವರ್ಷಗಳು ಕಳೆದಂತೆ ಒಳಗೊಳಗೇ ಶಕ್ತಿಗುಂದುತ್ತದೆ. ಒಂದು ದಿನ ಹೇಳದೆ ಕೇಳದೆ ಬಿರಿಯುತ್ತದೆ. ಹಿಮ್ಮಡಿಯ ಬಳಿ ಕೂದಲೆಳೆಯಂತಹ ಬಿರುಕನ್ನು ಮೊದಲು ಕಂಡವಳು ನನ್ನ ಹೆಂಡತಿ. “ಇದು ಸೀಳಿದೆ ನೋಡಿ. ಇನ್ನು ಇದನ್ನು ಹಾಕಿಕೊಂಡು ಬೆಟ್ಟಕ್ಕೆ ಹೋಗಬೇಡಿ” ಎಂದಳು. ನನಗೆ ದುಃಖಕ್ಕಿಂತ ಸಂತೋಷವೇ ಹೆಚ್ಚಾಯಿತೆಂದು ಒಪ್ಪಿಕೊಳ್ಳಬೇಕು. ಹೊಸ ಸ್ಕೀ ಕೊಳ್ಳುವುದಕ್ಕೂ ಒಂದು ನೆಪ ಸಿಕ್ಕಿದಂತಾಯಿತು.

ಅಂಗಡಿಯಲ್ಲಿ ಬೂಟು ಹೊಂದಿಸುವ ಕೆಲಸದಲ್ಲಿಯೇ ತಲೆ ನರೆತ ಹಿರಿಯರೊಬ್ಬರಿದ್ದರು. “ಸ್ಕೀ ನೋಡಬೇಕಾಗಿತ್ತು” ಎಂದೆನು. “ಮೊದಲು ಕಾಲು ನೋಡೋಣ” ಎಂದರು ಅವರು. ಈ ಒಂದು ಮಾತಿನಲ್ಲಿ ಅರ್ಧ ಶಾಸ್ತ್ರವಡಗಿದೆ. ಸ್ಕೀಯನ್ನು ಬೇಕಾದಾಗ ಬಾಡಿಗೆಗೆ ತರಬಹುದು. ಬೂಟಾದರೋ ಕಾಲಿನ ಇಂಗಿತವನ್ನು ಸ್ಕೀಗೆ ಮುಟ್ಟಿಸುವ ದೂತ. ದೂತನು ದಡ್ಡನಾದರೆ ಎಷ್ಟು ಬೆಲೆಯ ಸ್ಕೀ ಇದ್ದೂ ಪ್ರಯೋಜನವಿಲ್ಲ.

ಅವರು ನನ್ನ ಪಾದವನ್ನು ಅಳೆದರು. ಈ ಬೂಟುಗಳ ಅಳತೆ ಸೆಂಟಿಮೀಟರಿನದು. ಪಾದ 26 ಸೆಂಟಿಮೀಟರು ಉದ್ದವಿದ್ದರೆ ಬೂಟಿನ ಸಂಖ್ಯೆಯೂ 26. ನನ್ನದು ಸರಿಯಾಗಿ 26 ಇತ್ತು. ಹದಿಮೂರು ವರ್ಷ ನಾನು ತೊಟ್ಟದ್ದು 27.5! ಅಂದು ಅಂಗಡಿಯಲ್ಲಿ ಅದು ಮನೆಯ ಚಪ್ಪಲಿಯಷ್ಟು ಹಿತವಾಗಿದೆಯೆಂದು ಹಿಗ್ಗಿ ಕೊಂಡಿದ್ದೆನು. ಸಡಿಲವಾದ ಬೂಟಿನೊಳಗೆ ಕಾಲು ಹಿಂದು ಮುಂದಾಗಿ ಆಡುವುದು. ಅದನ್ನು ತಡೆಯಲು ಬಕಲುಗಳನ್ನು ಬಿಗಿಯುವುದು. ಬಿಗಿದುದರಿಂದ ಪಾದ ಮರಗಟ್ಟುವುದು. ಸಾಯಂಕಾಲ ಹೆಬ್ಬೆರಳಿನ ಉಗುರು ಕಪ್ಪಾಗಿರುವುದು. ಇದೆಲ್ಲ ಈ ಕ್ರೀಡೆಯ ಸ್ವಭಾವವೆಂದು ನಾನು ಸಹಿಸಿಕೊಂಡಿದ್ದೆನು. ಸ್ವಭಾವವು ಕ್ರೀಡೆಯದಾಗಿರಲಿಲ್ಲ, ನನ್ನದಾಗಿತ್ತು.

ಪರೀಕ್ಷಿಸುವ ಕ್ರಮ ಹೀಗೆ. ಪಾದವು ದಿನದಲ್ಲಿ ತುಸು ಊದುವುದರಿಂದ ಮಧ್ಯಾಹ್ನದ ಮೇಲೆ ಹೋಗತಕ್ಕದ್ದು. ತೆಳುವಾದ ಒಂದೇ ಕಾಲುಚೀಲ ಸಾಕು. ಮೊದಲು ಒಳಬೂಟನ್ನು ಹೊರತೆಗೆದು ಬರಿಗಾಲನ್ನು ಚಿಪ್ಪಿನೊಳಕ್ಕೆ ಇಡಬೇಕು. ಬೆರಳುಗಳು ಮುಂದುಗಡೆ ತಾಕಿದಾಗ ಹಿಮ್ಮಡಿಯ ಹಿಂದೆ ಒಂದರಿಂದ ಎರಡು ಸೆಂಟಿಮೀಟರು ತೆರಪಿದ್ದರೆ ಉದ್ದ ಸರಿಯಾಯಿತು. 26 ಮತ್ತು 26.5 ಎಂದು ಎರಡು ಸಂಖ್ಯೆಗಳಿದ್ದರೂ ಸಾಮಾನ್ಯವಾಗಿ ಹೊರಚಿಪ್ಪು ಒಂದೇ ಎಂಬುದನ್ನು ನೆನಪಿಡಬೇಕು. ಒಳಬೂಟಿನೊಡನೆ ತೊಟ್ಟು ನೆಟ್ಟಗೆ ನಿಂತಾಗ ಬೆರಳು ಮುಂದೆ ಸೋಕಬೇಕು. ಮೊಣಕಾಲನ್ನು ಮುಂದಕ್ಕೆ ಬಾಗಿಸಿದಾಗ ಹಿಂದೆ ಸರಿಯಬೇಕು. ಹಿಮ್ಮಡಿ ಮಾತ್ರ ಮೇಲೇಳಕೂಡದು. ಹೀಗೆ ಅರ್ಧ ಗಂಟೆ ನಿಲ್ಲಬೇಕು. ಅಗಲದಲ್ಲಿಯೂ ಭೇದವುಂಟು: 98 ಮಿಲಿಮೀಟರಿನ ಅಚ್ಚು ಕಿರಿದು, 100 ಮಧ್ಯಮ, 102 ಮತ್ತು ಅದಕ್ಕೆ ಮೇಲ್ಪಟ್ಟುದು ಅಗಲ. ಒಳಬೂಟು ದಿನಕಳೆದಂತೆ ಅದುಮಿಕೊಂಡು ಸಡಿಲವಾಗುತ್ತದೆ. ಚಿಪ್ಪು ಒತ್ತುವ ಕಡೆ ಕುಶಲನು ಅದನ್ನು ಕಾಯಿಸಿ ಹಿಗ್ಗಿಸಬಲ್ಲನು. ದೊಡ್ಡದನ್ನು ಕುಗ್ಗಿಸಲು ಯಾರಿಂದಲೂ ಆಗದು. ಆದುದರಿಂದ ಮೊದಲ ದಿನ ಕೊಂಚ ಬಿಗಿಯೆನಿಸುವುದೇ ಲೇಸು.

ಬೂಟಿನ ಬಿರುಸನ್ನು 90, 110, 130 ಎಂದು ಅಂಕೆಗಳಿಂದ ಸೂಚಿಸುತ್ತಾರೆ. ಈ ಅಂಕೆಗೆ ಎಲ್ಲ ತಯಾರಕರೂ ಒಪ್ಪಿದ ಅಳತೆಗೋಲಿಲ್ಲ. ಒಬ್ಬನ 110 ಇನ್ನೊಬ್ಬನ 100ಕ್ಕೆ ಸಮವಾಗಬಹುದು. ಮೇಲಾಗಿ ಅಂಗಡಿಯ ಬೆಚ್ಚನೆಯಲ್ಲಿ ಸುಲಭವಾಗಿ ಬಾಗಿದ ಪ್ಲಾಸ್ಟಿಕ್ಕು ಬೆಟ್ಟದ ಚಳಿಯಲ್ಲಿ ಬಿರುಸಾಗುತ್ತದೆ. ನನ್ನ ಕಣ್ಣು 130ರ ಮೇಲಿತ್ತು. ಹಿರಿಯರು ಏನನ್ನೂ ಹೇಳದೆ ಅದನ್ನೇ ತೊಡಿಸಿ, “ಬಾಗಿ” ಎಂದರು. ನಾನು ಬಾಗಲಿಲ್ಲ, ಬೂಟೂ ಬಾಗಲಿಲ್ಲ. 100ನ್ನು ತೆಗೆದುಕೊಂಡೆನು.

ಬೂಟು ಹೊಸದಾದರೆ ಕೆಲಸ ಮುಗಿಯಿತೆನ್ನುವಂತಿಲ್ಲ. ಬೂಟನ್ನು ಸ್ಕೀಗೆ ಕಚ್ಚಿಸುವ ಕೊಂಡಿಯೊಂದುಂಟು. ಈಗಿನ ಅನೇಕ ಬೂಟುಗಳ ಅಟ್ಟೆ ನಡೆಯಲು ಅನುಕೂಲವಾಗುವಂತೆ ರಬ್ಬರಿನದಾಗಿ ತುದಿಯಲ್ಲಿ ಬಾಗಿರುತ್ತದೆ. ಹಳೆಯ ಕೊಂಡಿಗಳೆಲ್ಲವೂ ಅದಕ್ಕೆ ಹೊಂದುವುದಿಲ್ಲ. ನನ್ನದು ಹೊಂದಲಿಲ್ಲ. ಹೀಗೆ ಬೂಟು ಕೊಂಡಿಯನ್ನೂ ಕೊಂಡಿ ಸ್ಕೀಯನ್ನೂ ಎಳೆದು ತಂದಿತು.

ಸ್ಕೀಯ ನಡುವು ಕಿರಿದಾಗಿದ್ದು ತುದಿಗಳು ಅಗಲವಾಗಿರುತ್ತವೆ. ನಾರ್ವೆ ದೇಶದ ಟೆಲೆಮಾರ್ಕ್ ಪ್ರಾಂತದ ಸೋಂಡ್ರೆ ನೂರ್‌ಹೈಮ್ ಎಂಬಾತನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇಂತಹ ನಡುವಿನ ಸ್ಕೀಗಳನ್ನು ಬಳಸಿ ಕೀರ್ತಿ ಪಡೆದನು. 1990ರ ದಶಕದಲ್ಲಿ ಈ ಬಳಕು ಬಹಳ ಆಳವಾಯಿತು. ಅಂಚಿನ ಮೇಲೆ ಓರೆಯಾಗಿ ನಿಂತರೆ ಸ್ಕೀಯೇ ತಿರುಗತೊಡಗಿತು. ಎರಡು ಮೀಟರಿಗೂ ಉದ್ದವಿದ್ದ ಸ್ಕೀಗಳು ಮಾಯವಾಗಿ, ಗದ್ದದಿಂದ ಹಣೆಯವರೆಗೆ ಬರುವ ಉದ್ದವೇ ಸಾಧಾರಣ ಜನಕ್ಕೆ ಸಾಕೆಂದಾಯಿತು.

ಇಲ್ಲಿ ನಿಜವಾಗಿ ಆಯ್ದುಕೊಳ್ಳತಕ್ಕುದು ನಡುವಿನ ಅಗಲವನ್ನು. ಯಂತ್ರದಿಂದ ಹಾಸುಮಾಡಿದ ಗಟ್ಟಿ ಹಿಮಕ್ಕೆ 70ರಿಂದ 80 ಮಿಲಿಮೀಟರು. ಎಲ್ಲಕ್ಕೂ ಸಲ್ಲುವುದಕ್ಕೆ 80ರಿಂದ 95. ಆಗತಾನೆ ಬಿದ್ದ ಆಳವಾದ ಹಿಮದಲ್ಲಿ ತೇಲುವುದಕ್ಕೆ 100ಕ್ಕೆ ಮೇಲೆ. ಕಿರಿದಾದುದು ಅಂಚಿನಿಂದ ಅಂಚಿಗೆ ಬೇಗನೆ ಹೊರಳುತ್ತದೆ; ಅಗಲವಾದುದನ್ನು ಗಟ್ಟಿ ಹಿಮದಲ್ಲಿ ಓರೆಯಾಗಿಸುವಾಗ ಮೊಣಕಾಲಿಗೆ ಶ್ರಮ ಹೆಚ್ಚು. ಗೋಡೆಗೆ ಒರಗಿಸಿದ್ದ ಒಂದು 104 ನನ್ನನ್ನು ಕರೆಯುತ್ತಿತ್ತು. ಆಗ ಹಿಂದಿನ ಚಳಿಗಾಲದ ಲೆಕ್ಕ ಹಾಕಿದೆನು: ಜಾರಿದ ದಿನ ಹದಿನಾರು, ಅವುಗಳಲ್ಲಿ ಆಳವಾದ ಹಿಮ ಕಂಡದ್ದು ಎರಡು. ಎರಡು ದಿನದ ಕನಸಿಗಾಗಿ ಹದಿನಾಲ್ಕು ದಿನ ದಂಡ ತೆರುವುದೇ? ಬೆಟ್ಟದ ಮೇಲೆ ಪರೀಕ್ಷೆಗೆಂದು ಬಾಡಿಗೆಗೆ ಕೊಡುವ ಮೂರು ಜೊತೆಗಳನ್ನು ಒಂದೇ ದಿನ, ಒಂದೇ ಇಳಿಜಾರಿನಲ್ಲಿ ತೊಟ್ಟು ನೋಡಿ, 78ನ್ನು ಕೊಂಡೆನು.

ಇಷ್ಟು ವಿವೇಕ ತೋರಿದವನು ಕಡೆಯಲ್ಲಿ ಒಂದು ಅಂಕೆಯಲ್ಲಿ ಎಡವಿದೆನು. ಬಿದ್ದಾಗ ಕೊಂಡಿಯು ಬೂಟನ್ನು ಬಿಟ್ಟುಬಿಡಬೇಕು. ಎಷ್ಟು ಒತ್ತಡಕ್ಕೆ ಬಿಡಬೇಕೆಂಬುದನ್ನು ತೂಕ, ಎತ್ತರ, ವಯಸ್ಸು, ಅಟ್ಟೆಯ ಉದ್ದ, ಜಾರುವ ರೀತಿ ಇವುಗಳಿಂದ ಪಟ್ಟಿಯೊಂದನ್ನು ನೋಡಿ ನಿರ್ಣಯಿಸುತ್ತಾರೆ. ಐವತ್ತು ತುಂಬಿದವರಿಗೆ ಹಿಡಿತ ಒಂದು ಮೆಟ್ಟಲು ಕೆಳಗೆ. ಜಾರುವ ರೀತಿಯಲ್ಲಿ ಮಾತ್ರ ಮೂರು ವರ್ಗಗಳು: ಎಚ್ಚರಿಕೆಯವರು, ಮಧ್ಯಮರು, ವೇಗದವರು. ಯಾವ ವರ್ಗವೆಂಬುದನ್ನು ಗಿರಾಕಿಯೇ ಬರೆದು ಸಹಿಮಾಡಬೇಕು. ಅಂಗಡಿಯವರು ತೂಕವನ್ನು ಅಳೆಯಬಲ್ಲರು; ನಮ್ಮ ಅಹಂಕಾರವನ್ನು ಅಳೆಯಲಾರರು. ಐವತ್ತನಾಲ್ಕರ ನಾನು ಗಟ್ಟಿಯಾಗಿ “3” ಎಂದು ಬರೆದೆನು.

ಜನವರಿಯ ಒಂದು ಸಾಯಂಕಾಲ, ಸುಲಭವಾದ ನೀಲಿ ಗುರುತಿನ ದಾರಿಯಲ್ಲಿ, ನಡಿಗೆಯ ವೇಗದಲ್ಲಿ ಹಿಂದಕ್ಕೆ ಕುಸಿದೆನು. ಸ್ಕೀ ಬಿಡಲಿಲ್ಲ, ಮೊಣಕಾಲು ತಿರುಚಿತು. ಆರು ವಾರ ಕೋಲೂರಿ ನಡೆದೆನು. ಕೊಂಡಿಯು ಮುಖ್ಯವಾಗಿ ಕಣಕಾಲಿನ ಎಲುಬನ್ನು ಕಾಯುವುದೇ ಹೊರತು ಮೊಣಕಾಲಿಗೆ ಭರವಸೆ ಕೊಡಲಾರದೆಂದೂ, 2 ಎಂದು ಬರೆದಿದ್ದರೆ ಉಳಿಯುತ್ತಿತ್ತೆಂದು ಹೇಳಲಾಗದೆಂದೂ ವೈದ್ಯರು ತಿಳಿಸಿದರು. ಅದು ಅವರ ದಯೆ. ಆದರೆ ಆ ಕಾಗದದ ಮೇಲಿದ್ದ ಸುಳ್ಳು ನನ್ನದೆಂಬುದನ್ನು ಯಾವ ವೈದ್ಯರೂ ಅಳಿಸಲಾರರು.

ಹೊಸಬನಿಗೆ ಈ ಅಪಾಯ ಕಡಮೆ. ತನಗೆ ಬಾರದೆಂಬುದು ಅವನಿಗೆ ಗೊತ್ತು. ಅನುಭವಸ್ಥನು ಮಾತ್ರ ಹತ್ತು ವರ್ಷದ ಹಿಂದಿನ ತನಗಾಗಿ ವ್ಯಾಪಾರ ಮಾಡುತ್ತಾನೆ. ಬೂಟಾಗಲಿ ಸ್ಕೀಯಾಗಲಿ ಕೊಳ್ಳುವ ಮೊದಲು, ತಾನು ಈಗ ಹೇಗೆ ಜಾರುತ್ತಿರುವೆನೆಂಬುದನ್ನು ಜೊತೆಯಲ್ಲಿ ಜಾರುವವರೊಬ್ಬರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಕೊಂಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸತಕ್ಕದ್ದು. ಈ ಸಲ ಅಂಗಡಿಗೆ ಹೋದಾಗ ಆ ಕಾಗದವನ್ನು ತುಂಬಿದವಳು ನನ್ನ ಹೆಂಡತಿ. ನಾನು ಸಹಿ ಮಾತ್ರ ಮಾಡಿದೆನು.