ಇಪ್ಪತ್ತೆಂಟಕ್ಕೇ ವಯಸ್ಸಾಯಿತೇ?

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪುರುಷರ ಹಾಕಿ ತಂಡಕ್ಕೆ ಮನ್‌ಪ್ರೀತ್ ಸಿಂಗ್ ನಾಯಕ, ಮಹಿಳೆಯರ ತಂಡಕ್ಕೆ ರಾಣಿ ರಾಂಪಾಲ್ ನಾಯಕಿ. ಅವರು ಕಂಚು ಗೆದ್ದರು. ಇವರು ಬ್ರಿಟನ್ ಎದುರು 3–4ರಿಂದ ಸೋತು ನಾಲ್ಕನೆಯವರಾದರು. ಆಮೇಲೆ ಇಬ್ಬರ ಕೈಯಿಂದಲೂ ನಾಯಕತ್ವ ಹೋಯಿತು. ಮನ್‌ಪ್ರೀತ್ ತಂಡದಲ್ಲೇ ಉಳಿದು, 2024ರಲ್ಲಿ ತಮ್ಮ 32ನೇ ವಯಸ್ಸಿನಲ್ಲಿ ಪ್ಯಾರಿಸ್‌ನಲ್ಲಿ ಎರಡನೇ ಕಂಚು ಗೆದ್ದರು. ಅವರಿಗಿಂತ ಎರಡು ವರ್ಷಕ್ಕೂ ಹೆಚ್ಚು ಚಿಕ್ಕವರಾದ ರಾಣಿ ಅದೇ ಅಕ್ಟೋಬರ್‌ನಲ್ಲಿ ನಿವೃತ್ತಿ ಘೋಷಿಸಿದರು.

ಮಾಜಿ ನಾಯಕಿಯನ್ನು ತಂಡಕ್ಕೆ ಮರಳಿ ಕರೆಯಬೇಕೇ ಎಂಬ ಪ್ರಶ್ನೆ ಬಂದಾಗಲೆಲ್ಲ ನಾವು ಅದನ್ನು ಕೃತಜ್ಞತೆ ಮತ್ತು ವಯಸ್ಸಿನ ಜಗಳವಾಗಿ ನೋಡುತ್ತೇವೆ. ಒಂದು ಕಡೆ 'ಎಷ್ಟೊಂದು ಆಡಿದ್ದಾರೆ, ಪಾಪ' ಎನ್ನುವವರು. ಇನ್ನೊಂದು ಕಡೆ 'ಹೊಸಬರಿಗೆ ದಾರಿ ಬಿಡಲಿ' ಎನ್ನುವವರು. ನನಗೆ ಎರಡೂ ಒಪ್ಪಿಗೆಯಿಲ್ಲ. ರಾಣಿಯನ್ನು ಮರಳಿ ಕರೆಯಬೇಕಿತ್ತು, ಉಪಕಾರ ತೀರಿಸುವುದಕ್ಕಲ್ಲ, ಅವರಿಂದ ಆಗಬೇಕಾದ ಕೆಲಸವಿತ್ತು ಎಂಬುದಕ್ಕೆ.

ಯಾವ ಕೆಲಸ? 2019ರ ನವೆಂಬರ್, ಭುವನೇಶ್ವರ. ಒಲಿಂಪಿಕ್ ಅರ್ಹತೆಗಾಗಿ ಅಮೆರಿಕದ ಎದುರು ಎರಡು ಪಂದ್ಯ. ಮೊದಲ ದಿನ ಭಾರತ 5–1ರಿಂದ ಗೆದ್ದಿತ್ತು. ಎರಡನೇ ದಿನ ಅಮೆರಿಕ ವಿರಾಮದೊಳಗೆ ನಾಲ್ಕು ಗೋಲು ಹೊಡೆದು ಲೆಕ್ಕ ಸರಿಗಟ್ಟಿತು. ತಂಡ ಕುಸಿಯುತ್ತಿದ್ದ ಆ ಹೊತ್ತಿನಲ್ಲಿ, 48ನೇ ನಿಮಿಷದಲ್ಲಿ ಗೋಲು ಹೊಡೆದವರು ರಾಣಿ. ಒಟ್ಟು 6–5. ಟೋಕಿಯೊ ಟಿಕೆಟ್ ಬಂದದ್ದು ಆ ಒಂದು ಗೋಲಿನಿಂದ.

ಈಗ 2024ರ ಜನವರಿಗೆ ಬನ್ನಿ. ರಾಂಚಿಯಲ್ಲಿ ಪ್ಯಾರಿಸ್ ಅರ್ಹತಾ ಪಂದ್ಯಗಳು. ಸೆಮಿಫೈನಲ್‌ನಲ್ಲಿ ಜರ್ಮನಿಯ ಎದುರು ಶೂಟೌಟ್‌ನಲ್ಲಿ ಸೋಲು. ಕೊನೆಯ ಅವಕಾಶದಲ್ಲಿ ಜಪಾನ್ ಎದುರು 0–1. ಅನುಭವಿ ಫಾರ್ವರ್ಡ್ ವಂದನಾ ಕಟಾರಿಯಾ ಗಾಯದಿಂದ ಹೊರಗಿದ್ದರು. ಒಂದೇ ಒಂದು ಗೋಲು ಬೇಕಿದ್ದ ಹೊತ್ತಿನಲ್ಲಿ, ಅಂಥ ಗೋಲನ್ನು ಹಿಂದೆ ಹೊಡೆದಿದ್ದ ರಾಣಿ ಮೈದಾನದಲ್ಲಿರಲಿಲ್ಲ. ರಾಣಿ ಇದ್ದಿದ್ದರೆ ಗೆಲ್ಲುತ್ತಿದ್ದೆವು ಎಂದು ನಾನು ಹೇಳುತ್ತಿಲ್ಲ. ಗೆಲ್ಲುವ ಒಂದು ದಾರಿಯನ್ನು ನಾವೇ ಮುಚ್ಚಿಕೊಂಡೆವು ಎನ್ನುತ್ತಿದ್ದೇನೆ.

ಎದುರು ವಾದ ದುರ್ಬಲವಲ್ಲ. ರಾಣಿಯ ಗಾಯ ನಿಜ; 2022ರ ವಿಶ್ವಕಪ್‌ಗೆ ಅವರು ಹೋಗಲಿಲ್ಲ. ಅವರಿಲ್ಲದೆಯೇ ತಂಡ ಅದೇ ವರ್ಷ ನೇಷನ್ಸ್ ಕಪ್, ಮರುವರ್ಷ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಗೆದ್ದಿತು. ಕೋಚ್ ಯಾನೆಕ್ ಶಾಪ್‌ಮನ್ ಹೊಸ ತಂಡ ಕಟ್ಟುತ್ತಿದ್ದರು. ಆದರೆ 2023ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಮರಳಿ ಕರೆದಾಗ ರಾಣಿ ಮೊದಲ ಪಂದ್ಯದಲ್ಲೇ ಗೋಲು ಹೊಡೆದರು. ಆಮೇಲೆ ಬಾಗಿಲು ಮುಚ್ಚಿತು. ಆಗಸ್ಟ್‌ನಲ್ಲಿ ಹಾಕಿ ಇಂಡಿಯಾ ಅವರನ್ನು ಕಿರಿಯ ಬಾಲಕಿಯರ ಕೋಚ್ ಮಾಡಿತು. ಆಗ ಅವರಿಗೆ 28 ವರ್ಷ! ಶ್ರೀಜೇಶ್ 36ರಲ್ಲಿ ಪ್ಯಾರಿಸ್ ಗೋಲ್ ಕಾದರು. ಗೋಲ್‌ಕೀಪರ್‌ನ ಓಟ ಬೇರೆ, ಒಪ್ಪುತ್ತೇನೆ. ಮನ್‌ಪ್ರೀತ್ ಗೋಲ್‌ಕೀಪರ್ ಅಲ್ಲವಲ್ಲ!

ಇನ್ನು ದೇಹದ ಮಾತು. ಇಂದಿನ ಹಾಕಿಯಲ್ಲಿ ಹದಿನೈದು ನಿಮಿಷಗಳ ನಾಲ್ಕು ಕ್ವಾರ್ಟರ್. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಅರವತ್ತು ನಿಮಿಷವೂ ಓಡುವ ಕಾಲು ಎಲ್ಲರಿಗೂ ಬೇಕಿಲ್ಲ. ಹಿರಿಯರೊಬ್ಬರಿಂದ ಇಪ್ಪತ್ತು ನಿಮಿಷದ ತಲೆ ಸಿಕ್ಕರೆ ಸಾಕು, ಹೊಸಬರ ಜಾಗ ಹೋಗುವುದಿಲ್ಲ.

ಹಾಗೆಂದು ಹೆಸರಿಗಾಗಿ ಕರೆಯುವುದೂ ಬೇಡ. 2004ರಲ್ಲಿ ಧನರಾಜ್ ಪಿಳ್ಳೈಯವರನ್ನು 36ರಲ್ಲಿ ಅಥೆನ್ಸ್‌ಗೆ ಕರೆದೊಯ್ದು ಬಹುಪಾಲು ಬೆಂಚಿನ ಮೇಲೆ ಕೂರಿಸಿದರು. ಅದು ನಾಲ್ಕನೇ ಒಲಿಂಪಿಕ್ಸ್ ಆಡಲು ಬಂದ ಆಟಗಾರನಿಗೂ ಅವಮಾನ, ಅವರ ಜಾಗದಲ್ಲಿ ಆಡಬಹುದಾಗಿದ್ದ ಹುಡುಗನಿಗೂ ನಷ್ಟ. ಕರೆಯುವ ಮೊದಲೇ ಯಾವ ಕೆಲಸಕ್ಕೆ, ಎಷ್ಟು ಹೊತ್ತಿಗೆ ಎಂದು ಹೇಳಬೇಕು. ಹೇಳಲಾಗದಿದ್ದರೆ ಕರೆಯಬಾರದು.

ನಿವೃತ್ತಿಯ ದಿನ ಹಾಕಿ ಇಂಡಿಯಾ ರಾಣಿಯ 28ನೇ ಸಂಖ್ಯೆಯ ಜೆರ್ಸಿಯನ್ನೂ ನಿವೃತ್ತಿಗೊಳಿಸಿತು. ಒಳ್ಳೆಯ ಗೌರವವೇ. ಆದರೆ ಹದಿನಾಲ್ಕಕ್ಕೆ ದೇಶಕ್ಕಾಗಿ ಆಡಲು ಬಂದ ಶಹಾಬಾದಿನ ಆ ಗಾಡಿ ಎಳೆಯುವವನ ಮಗಳಿಗೆ ಅದಕ್ಕೂ ಮೊದಲು ಸಲ್ಲಬೇಕಾಗಿದ್ದದ್ದು ಒಂದು ನೇರ ಉತ್ತರ: ಏಕೆ ಬೇಡ, ಏನು ಮಾಡಿದರೆ ಬೇಕು. ಮುಂದಿನ ಮಾಜಿ ನಾಯಕಿಗಾದರೂ ಆ ಉತ್ತರ ಜೆರ್ಸಿಗಿಂತ ಮೊದಲು ಸಿಗಲಿ.