ಕಸುಬು ಕಲಿಯುವ ಹುಡುಗನಿಗೆ ಊರ ವರ್ಕ್‌ಶಾಪೂ ಶಾಲೆಯೇ



ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯ ಕಡೆ ಮಳೆ ಕೈಕೊಟ್ಟರೆ ಕೊಳವೆಬಾವಿಯೇ ಗತಿ. ಬೆಳೆ ಬಾಡುವ ಹೊತ್ತಿಗೆ ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ, ರಿಪೇರಿ ಬಲ್ಲವನನ್ನು ಹುಡುಕಿ ಅಲೆಯಬೇಕು. ಇತ್ತ ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಕಸುಬು ಓದುವ ರೈತನ ಮಗ, 'ಇದರಿಂದೇನು ಫಲ?' ಎಂದು ಬೇಸರಪಟ್ಟು ಅರ್ಧಕ್ಕೇ ಬಿಡುವುದುಂಟು.

ಅಂಥವನಿಗೆ ಹುರುಪು ಬರುವುದು ಉಪದೇಶದಿಂದಲ್ಲ, ತಾನೇ ವೈಂಡಿಂಗ್ ಮಾಡಿದ ಮೋಟಾರು ನೀರೆತ್ತಿದಾಗ. ಆದ್ದರಿಂದ ಶಾಲೆಗಳು ಮೋಟಾರು ವೈಂಡಿಂಗ್, ಟ್ರ್ಯಾಕ್ಟರ್ ರಿಪೇರಿ, ಹನಿ ನೀರಾವರಿ ಅಂಗಡಿಗಳೊಡನೆ ಕೈಜೋಡಿಸಬೇಕು. ವಾರಕ್ಕೆರಡು ದಿನವಾದರೂ ಹುಡುಗರು ಅಲ್ಲಿ ಕೆಲಸ ಕಲಿಯಲಿ.

ಒಂದು ಎಚ್ಚರಿಕೆ. ಕಲಿಯಲು ಹೋದವನು ಟೀ ತರುವ ಆಳಾಗಬಾರದು. 1961ರ ಅಪ್ರೆಂಟಿಸ್ ಕಾಯಿದೆಯಲ್ಲಿ ಲಿಖಿತ ಕರಾರು, ಭತ್ಯೆ ಎರಡೂ ಉಂಟು. ಕಾಯಿದೆಗೆ ಒಳಪಡದ ಸಣ್ಣ ಅಂಗಡಿಯಲ್ಲೂ ಏನು ಕಲಿಸಬೇಕು, ಎಷ್ಟು ಕೊಡಬೇಕು, ಸುರಕ್ಷತೆಗೆ ಯಾರು ಹೊಣೆ ಎಂಬುದನ್ನು ಮೊದಲೇ ಬರೆದಿಡುವುದು ಲೇಸು.

ಆ ಅಂಗಡಿಗಳ ಗಿರಾಕಿಗಳು ನೀವೇ. ನಿಮ್ಮ ಮಾತಿಗೆ ಅಲ್ಲಿ ಬೆಲೆಯಿದೆ. ಮುಂದಿನ ಪೋಷಕರ ಸಭೆಯಲ್ಲಿ ಈ ವಿಷಯ ಎತ್ತಿರಿ. ಮಗನಿಗೆ ಕಸುಬು, ಊರಿಗೆ ಮೆಕ್ಯಾನಿಕ್ ಎರಡೂ ದೊರೆತಾವು.